ನನ್ನ ತರಬೇತಿಗೆ ಅತ್ತೆಯೇ ರೋಗಿ

ಸುರಕ್ಷಿತವಾಗಿ ರಕ್ತ ಏರಿಸುವ ಬಗ್ಗೆ ಆನ್‌ಲೈನ್ ತರಬೇತಿ ಮುಗಿಸಬೇಕೆಂದು ನಮ್ಮ ಆಸ್ಪತ್ರೆಯ ನರ್ಸ್‌ಗಳಿಗೆಲ್ಲ ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಇಷ್ಟು ವರ್ಷ ರಕ್ತ ಏರಿಸಿದವಳಿಗೆ ಇನ್ನೇನು ಕಲಿಸುತ್ತಾರೆ?

ಗೋಪನಕೊಪ್ಪದ ಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿಟ್ಟು, ರೊಟ್ಟಿ ಬಡಿಯುತ್ತ ಪಾಠ ಕೇಳುತ್ತಿದ್ದೆ. ಪಾಠ ಹೇಳುವಾಕೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಪಕ್ಕದಲ್ಲಿ ಪುಂಡಿಪಲ್ಯೆಯ ಸೊಪ್ಪು ಸೋಸುತ್ತ ಕೂತ ಅತ್ತೆ, "ಏನಂತ ಹೇಳಾಕತ್ತಾಳ ಆಕಿ?" ಎಂದು ಬಿಡದೆ ಕೇಳುವರು. ಅವರಿಗೆ ಬಿಡಿಸಿ ಹೇಳುತ್ತ ಹೇಳುತ್ತ ನನಗೇ ಎಷ್ಟೋ ಹೊಸದಾಗಿ ತಿಳಿಯಿತು.

'ನೀವು ಇಂಥವರೇ ತಾನೆ?' ಎಂದು ರೋಗಿಯನ್ನು ಕೇಳಬಾರದು, ಹೆಸರನ್ನು ಅವರ ಬಾಯಿಂದಲೇ ಹೇಳಿಸಬೇಕು ಎಂಬ ಪಾಠ ಬಂದ ದಿನ ಅತ್ತೆ ತಾವಾಗಿಯೇ ಮಂಚದ ಮೇಲೆ ಮಲಗಿ ತೋಳು ಚಾಚಿದರು.

"ನಿಮ್ಮ ಹೆಸರ ಹೇಳ್ರಿ," ಎಂದೆ.

"ಅಯ್ಯ, ಅತ್ತಿ ಹೆಸರ ಗೊತ್ತಿಲ್ಲೇನ ನಿನಗ?"

"ಗೊತ್ತೈತ್ರಿ. ಆದ್ರೂ ನೀವ ಹೇಳಬೇಕ್ರಿ. ಅಂಜಿದ ಮಂದಿ ಯಾರ ಹೆಸರಿಗಾದ್ರೂ ಹೂಂ ಅಂದುಬಿಡ್ತಾರ್ರಿ."

ತವರಿನ ಅಡ್ಡಹೆಸರನ್ನೂ ಸೇರಿಸಿ ಹೇಳಿದರು. ರಕ್ತ ಹಚ್ಚಿದಂತೆ ಮಾಡಿ ನಾನು ಒಲೆಯ ಕಡೆ ತಿರುಗಿದೆನೋ ಇಲ್ಲವೋ, "ಎಲ್ಲಿ ಹೊಂಟಿ? ಮೊದಲ ಹದಿನೈದ ನಿಮಿಷ ಬಾಜೂಕ ನಿಂದರಬೇಕಂತ ಆಕಿ ಹೇಳ್ಯಾಳಲ್ಲ!" ಎಂದು ಗದರಿದರು.

ತರಬೇತಿ ಮುಗಿದ ಸ್ವಲ್ಪ ದಿನಕ್ಕೆ, ಆಗಷ್ಟೇ ಹೆರಿಗೆಯಾದ ಹುಡುಗಿಯೊಬ್ಬಳಿಗೆ ರಕ್ತ ಏರಿಸಬೇಕಾಯಿತು. ಹೆಸರು ಕೇಳಿದರೆ ಅವಳ ತಾಯಿ ಉತ್ತರಿಸಲು ಬಂದರು. "ಆಕೀನ ಹೇಳ್ಲಿರಿ," ಎಂದೆ. ಹುಡುಗಿ ಮೆಲ್ಲಗೆ ಹೇಳಿದಳು. ಅವಳ ಕೈಪಟ್ಟಿ, ರಕ್ತದ ಚೀಲದ ಮೇಲಿನ ಚೀಟಿ ಎರಡೂ ತಾಳೆಯಾದವು. ಹನಿ ಶುರು ಮಾಡಿ ಅಲ್ಲೇ ನಿಂತೆ.

"ಸಿಸ್ಟರ್, ಮೈ ಕಡ್ಯಾಕತ್ತೈತ್ರಿ. ಥಂಡೀನೂ ಹತ್ತಾಕತ್ತೈತಿ," ಎಂದು ಹದಿನೈದು ನಿಮಿಷ ತುಂಬುವ ಮೊದಲೇ ಹುಡುಗಿ ತೋಳು ತುರಿಸಿಕೊಂಡಳು.

ಕೂಡಲೇ ರಕ್ತ ನಿಲ್ಲಿಸಿದೆ. ಹೊಸ ನಳಿಕೆಯಲ್ಲಿ ಸಲೈನ್ ಹಚ್ಚಿ ಡಾಕ್ಟರನ್ನು ಕೂಗಿದೆ. ಎಲ್ಲ ಸರಿಯಾಗಿ ನೋಡಿಕೊಂಡರೂ ಒಮ್ಮೊಮ್ಮೆ ಕೆಲವರ ಮೈಗೆ ರಕ್ತ ಒಗ್ಗುವುದಿಲ್ಲ. ಔಷಧ ಕೊಟ್ಟ ಮೇಲೆ ಹುಡುಗಿ ಸುಧಾರಿಸಿಕೊಂಡಳು. ಸಂಜೆ ಕೂಸಿಗೆ ಹಾಲೂಡಿಸುತ್ತಿದ್ದಳು.

"ಲಗೂನ ನಿಲ್ಲಿಸಿದ್ದ ಛಲೋ ಆತ್ರಿ ಸಿಸ್ಟರ್. ಹೊಸಬ್ರಿಗೆ ಇದನ್ನ ನೀವ ಕಲಿಸ್ರಿ," ಎಂದರು ಡಾಕ್ಟರ್.

ಮುಂದಿನ ವಾರ ಹೊಸ ನರ್ಸ್‌ಗಳ ಎದುರು ನಿಂತೆ. ನಾಲ್ಕು ಜನರ ಮುಂದೆ ಎಂದೂ ಮಾತಾಡಿದವಳಲ್ಲ. ಮೊದಲು ದನಿ ತಡವರಿಸಿತು, ಆಮೇಲೆ ತಡವರಿಸಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಕೇಶ್ವಾಪುರದಲ್ಲಿ ಬಸ್ಸಿಳಿದು ಫೇಡೆ ಕಟ್ಟಿಸಿಕೊಂಡೆ.

"ಅತ್ತಿ, ಇವತ್ತ ನಾ ಪಾಠ ಹೇಳೋ ಸಾಲಿ ಅಕ್ಕಾರ ಆಗಿದ್ದೆರಿ," ಎಂದು ಪೊಟ್ಟಣ ಮುಂದೆ ಹಿಡಿದರೆ, ಮೊದಲ ಫೇಡೆಯನ್ನು ಅವರು ನನ್ನ ಬಾಯಿಗೇ ಇಟ್ಟರು.