ಮುನಿಯಲ್ಲಮ್ಮ ಹುಳುಮನೆ ಬೀಗದ ಕೈ ಕೇಳಿದ್ದು

ಹುತ್ತೂರು ಕಡೆ ರೇಷ್ಮೆ ಸಾಕೋರನ್ನ ಕೇಳಿ ನೋಡಿ. ಮುನಿಯಲ್ಲಮ್ಮ ಹುಳುಮನೆ ಬಾಗಿಲಲ್ಲಿ ನಿಂತು, ಹುಳ ಸೊಪ್ಪು ಮೇಯುವ ಸದ್ದು ಕೇಳಿಯೇ ಬೆಳೆ ಹೇಗಿದೆ ಅಂತ ಹೇಳಿಬಿಡ್ತಾಳೆ ಅಂತಾರೆ. ಇಪ್ಪತ್ತೆರಡು ವರ್ಷದ ಕಸುಬು. ಅಂಥವಳ ಕೈಯಿಂದ ಹೋದ ವರ್ಷ ಒಂದು ತಪ್ಪಾಯಿತು.

ಪೊರೆ ಬಿಡುವಾಗ ಹುಳ ಸೊಪ್ಪು ಮುಟ್ಟಲ್ಲ, ತಲೆಯೆತ್ತಿ ಸುಮ್ಮನೆ ಕೂತುಬಿಡುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರದಿಂದ ಎಲ್ಲಾ ಎದ್ದಿವೆ ಅಂದುಕೊಂಡು ಆಕೆ ಸೊಪ್ಪು ಹಾಕಿಬಿಟ್ಟಳು. ಅರ್ಧ ಹುಳ ಇನ್ನೂ ಎದ್ದೇ ಇರಲಿಲ್ಲ. ಬೆಳೆ ಏರುಪೇರಾಯಿತು. ಒಂದಷ್ಟು ಗೂಡು ಕಟ್ಟುತ್ತಿದ್ದರೆ ಮಿಕ್ಕವು ಕಡ್ಡಿಯ ಹಾಗೆ ಒಣಕಲಾಗಿದ್ದವು.

"ಇವಳ ತಲೆ ನೆಟ್ಟಗಿಲ್ಲ" ಅಂದುಬಿಟ್ಟ ಗಂಡ ಆಂಜಿನಪ್ಪ. ಹುಳುಮನೆ ಬೀಗದ ಕೈ ಓರಗಿತ್ತಿ ಸುನಂದಳ ಸೊಂಟ ಸೇರಿತು.

ನಿಜ ಹೇಳಬೇಕಂದ್ರೆ ಮುನಿಯಲ್ಲಮ್ಮನಿಗೂ ಹಾಗೇ ಅನ್ನಿಸಿತ್ತು. ತಾಯಿ ತೀರಿಹೋದಾಗಿನಿಂದ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು, ಗೊತ್ತಿರೋ ಹೆಸರೇ ನಾಲಿಗೆಗೆ ಬರುತ್ತಿರಲಿಲ್ಲ. ಹಾಸಿಗೆಯಿಂದ ಏಳಕ್ಕೂ ಬೇಜಾರು, ತಲೆ ಬಾಚಕ್ಕೂ ಬೇಜಾರು. ಬೀಗದ ಕೈ ಹೋದ ಮೇಲಂತೂ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊರವರು ಬಿಡ್ತಾರಾ? "ಪಾಪ, ಅರಳುಮರಳು" ಅಂದರು. ನಲವತ್ತೆಂಟಕ್ಕೇ ಅರಳುಮರಳಂತೆ! ಇವರ ಬಾಯಿಗೆ ಮಣ್ಣು ಹಾಕ.

ಕೊನೆಗೆ ಕೋಲಾರಕ್ಕೆ ಕರಕೊಂಡು ಹೋದರು. ಡಾಕ್ಟರು ಶ್ವೇತ ಐದು ಪದ ಹೇಳಿ, ಬೇರೆ ಮಾತಾಡಿಸಿ, ಆಮೇಲೆ ಆ ಪದಗಳನ್ನ ಕೇಳಿದರು. ನಾಲ್ಕು ಹೇಳಿದಳು.

"ಅಮ್ಮಾ, ನಿಮ್ಮ ಜ್ಞಾಪಕಶಕ್ತಿ ಚೆನ್ನಾಗೇ ಇದೆ. ಮನಸ್ಸು ಕುಗ್ಗಿದೆ, ಖಿನ್ನತೆ. ಅದರಿಂದ ಗಮನ ನಿಲ್ಲಲ್ಲ, ಮರೆತಂತಾಗುತ್ತೆ. ಮರೆತೆನಲ್ಲಾ ಅನ್ನೋ ಭಯಕ್ಕೆ ಮನಸ್ಸು ಇನ್ನಷ್ಟು ಕುಗ್ಗುತ್ತೆ."

"ಹಂಗಾದ್ರೆ ನಾನು ನಾಟಕ ಆಡ್ತಿದೀನಾ?"

"ಇಲ್ಲಮ್ಮಾ, ನಿಮ್ಮ ಕಷ್ಟ ನಿಜವೇ. ಮಾತ್ರೆ ಕೊಡ್ತೀನಿ, ತಿಂಗಳಿಗೊಮ್ಮೆ ಬನ್ನಿ. ಕೆಲಸ ಮಾತ್ರ ಬಿಡಬೇಡಿ."

"ನಾನೆಲ್ಲಿ ಬಿಟ್ಟೆ ಡಾಕ್ಟ್ರೇ? ಕಿತ್ಕೊಂಡ್ರು!"

ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಒಂದು ಬೆಳಗ್ಗೆ ತಲೆ ಬಾಚಿಕೊಂಡು ಸುನಂದಳ ಮುಂದೆ ಕೈ ಚಾಚಿದಳು. "ಕೊಡೇ ಬೀಗದ ಕೈ."

"ರೆಸ್ಟ್ ತಗೊಳ್ಳೇ ಸುಮ್ನೆ. ಮತ್ತೆ ತಪ್ಪಾದ್ರೆ?" ಅಂದ ಆಂಜಿನಪ್ಪ, ಟೀ ಕುಡಿಯುತ್ತಾ.

ಸಿಟ್ಟು ಬಂದರೆ ಮುನಿಯಲ್ಲಮ್ಮನ ಬಾಯಲ್ಲಿ ತೆಲುಗೇ ಮೊದಲು ಬರೋದು. "ನಾಕೇಂ ಪಿಚ್ಚಾ? ನನಗೇನು ಹುಚ್ಚಾ? ಹುಳ ಜ್ವರಕ್ಕೆ ಕೂತ್ರೆ ತಿಪ್ಪೆಗೆ ಸುರೀತೀರಾ? ಏಳೋವರ್ಗೂ ಕಾಯಲ್ವಾ? ಮೂರು ಬೋರ್ ಕೊರೆಸಿದ್ರಿ, ಮೂರರಲ್ಲೂ ಬರೀ ಧೂಳು ಬಂತು. ನಿಮ್ಮ ತಲೆ ನೆಟ್ಟಗಿಲ್ಲ ಅಂತ ಹೊಲ ಯಾರಾದ್ರೂ ಕಿತ್ಕೊಂಡ್ರಾ?"

ಸುನಂದ ಸೆರಗಲ್ಲಿ ನಗು ಮುಚ್ಚಿಕೊಂಡು ಬೀಗದ ಕೈ ಬಿಚ್ಚಿಕೊಟ್ಟಳು.

ಎಲ್ಲಾ ಸರಿಹೋಯಿತು ಅಂದುಕೊಂಡಿರಾ? ಇಲ್ಲ. ಹೊಸ ಬೆಳೆಯ ಎರಡನೇ ಜ್ವರದ ದಿನ ಏನೋ ತರಲು ಹುಳುಮನೆಯಿಂದ ಅಂಗಳಕ್ಕೆ ಬಂದವಳಿಗೆ ಏನು ಅಂತಲೇ ಹೊಳೆಯಲಿಲ್ಲ. ಗಂಡ ನೋಡುತ್ತಿದ್ದ. ಸೊಪ್ಪು ಬಿಡಿಸಲು ಬಂದಿದ್ದ ಹೆಂಗಸರೂ ನೋಡುತ್ತಿದ್ದರು. ಮೊದಲಾಗಿದ್ದರೆ ಒಳಗೆ ಹೋಗಿ ಮುಸುಕು ಹಾಕಿಕೊಳ್ಳುತ್ತಿದ್ದಳು.

"ಲೇ ಸುನಂದಾ," ಎಲ್ಲರಿಗೂ ಕೇಳುವ ಹಾಗೆ ಕೂಗಿದಳು, "ನಾನು ಯಾತಕ್ಕೆ ಬಂದೆ?"

"ಸುಣ್ಣದ ಪುಡಿಗೆ ಕಣಕ್ಕಾ. ತೇವ ಆರ್ಲಿ ಅಂತ ಹುಳದ ಮೇಲೆ ಉದುರಿಸ್ಬೇಕು ಅಂದ್ಯಲ್ಲ."

"ಹೌದಲ್ವಾ!" ಚೀಲ ಎತ್ತಿಕೊಂಡು ಬಾಗಿಲಿಗೆ ಬಂದಳು. ಆಂಜಿನಪ್ಪ ಅಡ್ಡ ನಿಂತಿದ್ದ.

"ಏನ್ ನೋಡ್ತೀರಾ? ಮರೆತೆ, ಕೇಳ್ದೆ. ಈಗ ದಾರಿ ಬಿಡಿ."