ಎಡದಿಂದ ನಾಲ್ಕನೆಯ ಮುಖ

ನಬಿಲಾಲನ ನೋಟೀಸು ಬರೆದುಕೊಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಂದಗಿ ಕೋರ್ಟಿನ ಕಟ್ಟೆಯ ಮೇಲೆ ಇಪ್ಪತ್ತು ವರ್ಷ ಕೂತು ಅರ್ಜಿ, ನೋಟೀಸು ಬರೆದವನು ನಾನು. ಅಕ್ಷರ ದುಂಡಗೆ, ಬುದ್ಧಿ ಮಾತ್ರ ಮೊಂಡು. ಜನ ರೈಟರ್ರೇ ಎಂದು ಕರೆದರೆ ಸಾಕು, ಎದೆ ಉಬ್ಬುತ್ತಿತ್ತು.

ನಬಿಲಾಲ ಫೋಟೋ ತೆಗೆಯುತ್ತಿರಲಿಲ್ಲ, ತಿದ್ದುತ್ತಿದ್ದ. ಇಂಡಿ, ಮುದ್ದೇಬಿಹಾಳದ ಫೋಟೋದವರು ಬಸ್ಸಿನಲ್ಲಿ ಇವನಿಗೆ ಲಕೋಟೆ ಕಳಿಸುತ್ತಿದ್ದರು. ಆಗ ನಮ್ಮ ಕಡೆ ಎಷ್ಟೋ ಜನ ಬದುಕಿರುವ ತನಕ ಫೋಟೋ ತೆಗೆಸುತ್ತಲೇ ಇರಲಿಲ್ಲ. ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಸುತ್ತಲೂ ಮನೆಮಂದಿ ಕೂತು ಒಂದೇ ಒಂದು ಫೋಟೋ ತೆಗೆಸುತ್ತಿದ್ದರು. ಮುಚ್ಚಿದ ಕಣ್ಣಿನ ಫೋಟೋವನ್ನು ಗೋಡೆಗೆ ಹಾಕಲು ಮನಸ್ಸು ಬರಬೇಕಲ್ಲ? ಆ ಕಣ್ಣು ತೆರೆಸುವುದು ನಬಿಲಾಲನ ಕೆಲಸ. ಸತ್ತವರ ಮಗನನ್ನೋ ತಮ್ಮನನ್ನೋ ಕರೆಸಿ, ಕಿಟಕಿಯ ಬೆಳಕಿಗೆ ಕೂರಿಸಿ, ಅವರ ಕಣ್ಣು ನೋಡಿ ಬರೆಯುತ್ತಿದ್ದ. “ರಕ್ತ ಎಲ್ಲಿ ಹೋಗತೈತ್ರಿ? ಮಾರಿಯೊಳಗ ಇರತೈತಿ,” ಎಂದು ಅವರ ಮುಖ ತೋರಿಸುತ್ತಿದ್ದ. ಮನೆಯವರು ನೋಡಿ, ಅಪ್ಪನೇ ಕುಂತಂಗ ಐತಿ ಎಂದು ಅತ್ತುಬಿಡುತ್ತಿದ್ದರು.

೧೯೫೭ರಲ್ಲಿ ನಮ್ಮೂರ ರಾಚಪ್ಪ ಮಾಸ್ತರರು ತಾಲ್ಲೂಕಿನ ಸ್ವಾತಂತ್ರ್ಯ ಹೋರಾಟದ ಮೇಲೆ ಪುಸ್ತಕ ಬರೆದರು. ಮೂವತ್ತೆರಡರಲ್ಲಿ ಜೈಲಿನಿಂದ ಬಿಟ್ಟು ಬಂದ ಒಂಬತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಸೊಲ್ಲಾಪುರದವನೊಬ್ಬ ತೆಗೆದ ಫೋಟೋ ಮಾಸ್ತರರ ಅಟ್ಟದಲ್ಲಿತ್ತು. ಗೆದ್ದಲು ಹತ್ತಿತ್ತು. ಹಿಂದೆ ಬರೆದ ಹೆಸರುಗಳು ಹೋಗಿದ್ದವು. ಎಡದಿಂದ ನಾಲ್ಕನೆಯವನಿಗೆ ಹೆಗಲಿತ್ತು, ಕೈಯಿತ್ತು, ಮುಖ ಇರಬೇಕಾದಲ್ಲಿ ತೂತು. ಆ ನಾಲ್ಕನೆಯವನು ಕನ್ನೊಳ್ಳಿಯ ಮಶಾಕಸಾಬ, ನಬಿಲಾಲನ ಅಪ್ಪ, ಎಂದು ಮಾಸ್ತರರು ನೆನಪಿನಿಂದ ಹೇಳಿದರು. ಮಶಾಕಸಾಬ ಜೈಲಿನಿಂದ ಕೆಮ್ಮು ಹಚ್ಚಿಕೊಂಡು ಬಂದು ಎರಡೇ ವರ್ಷಕ್ಕೆ ತೀರಿಕೊಂಡಿದ್ದ. ಮಗನಿಗೆ ಆಗ ಐದು ವರ್ಷ. ಮಶಾಕಸಾಬನದು ಬೇರೆ ಫೋಟೋ ಭೂಮಿಯ ಮೇಲೆ ಇರಲಿಲ್ಲ.

ಮೂಲಕ್ಕೆ ಕೈ ಹಚ್ಚದೆ ಅದರದೊಂದು ಪ್ರತಿ ತೆಗೆಸಿಕೊಂಡು, ನಾಲ್ಕು ತಿಂಗಳು ನಬಿಲಾಲ ಅದರ ಮೇಲೆ ಬಗ್ಗಿದ. ಒಂಬತ್ತೂ ಜನ ಎದ್ದು ನಿಂತರು. ತೂತಿದ್ದ ಜಾಗದಲ್ಲಿ ಮುಖ ಎಲ್ಲಿಂದ ಬಂತೆಂದು ಮಾಸ್ತರರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಮರುವರ್ಷ ಪುಸ್ತಕ ಬಂತು. ಚಿತ್ರದ ಕೆಳಗೆ ಒಂಬತ್ತು ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ “ಚಿತ್ರ ತಿದ್ದಿದವರು: ನಬಿಲಾಲ, ಸಿಂದಗಿ”. ಕನ್ನೊಳ್ಳಿಯಲ್ಲಿ ಮಗಳ ಮನೆಯಲ್ಲಿದ್ದ ತಾಯಿ ಪೀರಬಿಗೆ ಅವನೇ ಒಂದು ಪ್ರತಿ ಒಯ್ದುಕೊಟ್ಟ. ಮುದುಕಿಗೆ ಓದು ಬಾರದು. ಆದರೆ ಮುಂಜಾನೆ ನಮಾಜು ಮುಗಿಸಿ ಆ ಹಾಳೆ ತೆಗೆದು ನೋಡದೆ ಚಹಾ ಮುಟ್ಟುತ್ತಿರಲಿಲ್ಲ.

ಅಲ್ಲಿಗೇ ಎಲ್ಲ ನಿಂತಿದ್ದರೆ! ಮಾಸ್ತರರು ಅರವತ್ತೆರಡರಲ್ಲಿ ಹೋದರು. ಅರವತ್ತೈದರಲ್ಲಿ ಬಸವನ ಬಾಗೇವಾಡಿಯ ಗುರಪ್ಪನೆಂಬ ಪ್ರಕಾಶಕ, ಮಾಸ್ತರರ ಮನೆಯವರ ಒಪ್ಪಿಗೆ ಪಡೆದು, ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ. ಅದೇ ಚಿತ್ರ, ಅದೇ ಒಂಬತ್ತು ಹೆಸರು. ಕೆಳಗೆ ನಬಿಲಾಲನ ಹೆಸರಿನ ಜಾಗದಲ್ಲಿ “ಪ್ರಕಾಶಕರ ಸಂಗ್ರಹದಿಂದ, ಹಕ್ಕು ಕಾಯ್ದಿರಿಸಿದೆ” ಎಂದಿತ್ತು.

ನಬಿಲಾಲ ಬಾಗೇವಾಡಿಗೆ ಹೋದ. ಗುರಪ್ಪ ಕುಂದ್ರು ಅನ್ನಲೂ ಇಲ್ಲವಂತೆ. “ಒರಸಿದಾಂವ ಮಾಲಕ ಆಕ್ಕಾನೇನೋ? ಹಂಗಾದ್ರ ಭಾಂಡೆ ತಿಕ್ಕಾಕಿ ಭಾಂಡೆ ನಂದು ಅಂದಾಳು,” ಎಂದು ಪ್ರೆಸ್ಸಿನ ಮಂದಿಯ ಎದುರಿಗೇ ನಕ್ಕನಂತೆ. ನಬಿಲಾಲ ವಾಪಸು ಬಂದವನು ಮನೆಗೆ ಹೋಗಲಿಲ್ಲ, ಸೀದಾ ನನ್ನ ಕಟ್ಟೆಗೆ ಬಂದ.

ನಿಮ್ಮಪ್ಪನ ಹೆಸರು ಐತಲ್ಲ, ನಿನ್ನದು ಹೋದರೆ ಹೋಗಲಿ ಬಿಡು ಎಂದು ನಾನು ಹೇಳಬೇಕಿತ್ತು. ಗೆಳೆಯನಾದವನು ಹಾಗೆ ಹೇಳುತ್ತಿದ್ದ. ನಾನು ಹೇಳಿದ್ದೇನು? “ಹೊಸಾ ಕಾಪಿರೈಟ್ ಕಾಯ್ದೆ ಐತಿ. ಅವನ್ನ ಬಿಡಬ್ಯಾಡ.” ಆ ಕಾಯ್ದೆಯನ್ನು ನಾನು ಅರ್ಧ ಓದಿದ್ದೆ. ನೋಟೀಸು ಎರಡು ಪುಟ ಬರೆದೆ, ಬಹಳ ಚೆಂದ ಬಂದಿತ್ತು.

ಗುರಪ್ಪನ ಉತ್ತರ ಒಂದೇ ಮಾತಿನದು. ಫೋಟೋ ಮೂವತ್ತೆರಡರದು, ತೆಗೆದವನು ಬೇರೆ, ಕಲೆ ಒರೆಸಿದವನಿಗೆ ಹಕ್ಕಿಲ್ಲ. ನಾವಿಬ್ಬರೂ ಮುದ್ದೇಬಿಹಾಳದ ಒಬ್ಬ ವಕೀಲರ ಕಡೆ ಹೋದೆವು. ಅವರು ಎರಡೂ ಕಾಗದ ಓದಿ ಕನ್ನಡಕ ತೆಗೆದರು.

“ಅಂವ ಹೇಳೂದು ಖರೇ ಐತಿ. ಬರೇ ತೊಳದದ್ದಕ್ಕ ಹಕ್ಕ ಬರೂದಿಲ್ಲ. ಹಳೇ ಫೋಟೋದಾಗ ಇಲ್ಲದ್ದು, ನೀ ಹೊಸದಾಗಿ ಬರದದ್ದು ಏನರ ಐತೇನು? ಇದ್ರ ಹೇಳು, ಅದರ ಮ್ಯಾಲ ನಿಲ್ಲೂಣು.”

ನಬಿಲಾಲ ಅಂದ, “ನಾಲ್ಕನೇ ಮಾರಿ ಪೂರಾ ನಂದ ಐತ್ರಿ. ಅಲ್ಲಿ ಏನೂ ಇರಲಿಲ್ಲ. ಅಪ್ಪನ ಮಾರಿ ನನಗ ನೆನಪಿಲ್ರಿ. ಕನ್ನಡಿ ಇಟಗೊಂಡು ನನ್ನ ಮಾರೀನ ಬರದೇನಿ.”

ಸತ್ತವರ ಕಣ್ಣಿಗೆ ಮಗನ ಕಣ್ಣು ತರುವವನು ಇನ್ನೇನು ಮಾಡಿಯಾನು? ನನಗೆ ಮರುಕ ಬರಬೇಕಿತ್ತು. ನಾಚಿಕೆಯಾಗುತ್ತದೆ, ನನಗೆ ಸಂತೋಷವಾಯಿತು. ಹಕ್ಕು ಸಿಕ್ಕಿತಲ್ಲ! ಅಲ್ಲೇ ಕೂತು ಅವನ ಹೆಸರಿನಲ್ಲಿ ಪ್ರಮಾಣಪತ್ರ ಬರೆದೆ: ಎಡದಿಂದ ನಾಲ್ಕನೆಯ ಮುಖ ಯಾವ ಫೋಟೋದಿಂದಲೂ ಬಂದದ್ದಲ್ಲ, ಪೂರ್ತಿ ನಾನೇ ಬರೆದದ್ದು. ಸಹಿ ಮಾಡುವ ಮುಂಚೆ ಅವನು ತಡೆದ.

“ರೈಟರ್ರ, ಇದನ್ನ ಯವ್ವಗ ಯಾರೂ ಓದಿ ಹೇಳೂದಿಲ್ಲಲ್ಲ?”

“ಕೋರ್ಟ್ ಕಾಗದ ಯಾರು ಓದ್ತಾರೋ? ಮಾಡು ಸಹಿ,” ಅಂದೆ.

ಗುರಪ್ಪ ಜಗಳಕ್ಕೇ ಬರಲಿಲ್ಲ. ವಕೀಲರು ಪ್ರಮಾಣಪತ್ರ ಕಳಿಸಿದ ತಿಂಗಳೊಳಗೆ ಅವನ ಕಾಗದ ಬಂತು: ಪರರ ಸ್ವತ್ತು ನಮಗೆ ಬೇಡ, ನಿಮ್ಮ ಮುಖ ನಿಮಗೇ ಇರಲಿ. ಮುಂದಿನ ಮುದ್ರಣದಲ್ಲಿ ಮಾಸ್ತರರ ಮನೆಯ ಮೂಲ ಫೋಟೋವನ್ನು ಇದ್ದ ಹಾಗೆಯೇ ಹಾಕುತ್ತೇವೆ. ಮುಖ ಕಲ್ಪಿತ ಎಂದು ನೀವೇ ಪ್ರಮಾಣ ಮಾಡಿರುವುದರಿಂದ, ಆ ಹೆಸರಿಗೂ ನಾವು ಜವಾಬ್ದಾರರಲ್ಲ. ಹಾಗೆಯೇ ಮಾಡಿದ. ಹೊಸ ಪುಸ್ತಕದಲ್ಲಿ ಎಂಟು ಮುಖ, ಒಂದು ಬಿಳಿ ತೂತು. ಕೆಳಗೆ “ನಾಲ್ಕನೆಯವರು: ಗುರುತು ಸಿಕ್ಕಿಲ್ಲ”.

ವಕೀಲರು ಅಂದರು, “ಅಂವ ಸೋತ ಅಂದಂಗ ಆತಲ್ಲ?” ಕಾಯ್ದೆಯ ಪ್ರಕಾರ ಹೌದು, ನಾವು ಗೆದ್ದಿದ್ದೆವು.

ಆ ಒಂಬತ್ತು ಜನರಲ್ಲಿ ಬದುಕಿದ್ದವರು ಅಗರಖೇಡದ ಕಾಸಿಂಸಾಬ ಒಬ್ಬರೇ. ನಾಲ್ಕನೆಯವನು ಮಶಾಕಸಾಬನೇ ಎಂದು ಅವರ ಸಾಕ್ಷಿಯಾದರೂ ಸಿಕ್ಕೀತೆಂದು ಇಂಡಿಗೆ ಹೋಗಿ, ಅಲ್ಲಿಂದ ಅಗರಖೇಡದ ತನಕ ಚಕ್ಕಡಿಯಲ್ಲಿ ಹೋದೆವು. ಮುದುಕರಿಗೆ ಸ್ವಂತ ಮಗನ ಹೆಸರೇ ನೆನಪಿರಲಿಲ್ಲ. ಫೋಟೋ ತಿರುವಿ ಮುರುವಿ ನೋಡಿ, “ಇವರೆಲ್ಲಾ ಯಾರ್ರಿ?” ಎಂದು ನಮ್ಮನ್ನೇ ಕೇಳಿದರು.

ಕನ್ನೊಳ್ಳಿಯ ಶಾಲೆಗೆ ಹೊಸ ಪುಸ್ತಕ ಬಂತು. ಅಲ್ಲಿಯ ಮಾಸ್ತರು ಪಾಪ, ಒಳ್ಳೆಯ ಮನುಷ್ಯ, ಸಂಭ್ರಮದಿಂದ ಅದನ್ನು ಪೀರಬಿಗೆ ತೋರಿಸಲು ಒಯ್ದಿದ್ದರು. ಹಾಳೆ ತೆಗೆದ ಮೇಲೆ ಮುಚ್ಚಿಕೊಂಡು ಬರಲೂ ಆಗಲಿಲ್ಲವಂತೆ. ಮುದುಕಿ ಮಗನಿಗೆ ಹೇಳಿಕಳಿಸಿದಳು. ಒಬ್ಬನೇ ಹೋಗಲು ಧೈರ್ಯವಿಲ್ಲದೆ ಅವನು ನನ್ನನ್ನೂ ಕರೆದ.

ಪೀರಬಿ ಪಡಸಾಲೆಯಲ್ಲಿ ಕೂತಿದ್ದಳು. ಎರಡೂ ಪುಸ್ತಕ ಮುಂದೆ ಇದ್ದವು.

“ಇದರಾಗ ಅವರು ಯಾಕಿಲ್ಲೋ?”

ನಬಿಲಾಲ ಕೆಳಗೆ ನೋಡಿದ. ಸುಳ್ಳು ಹೇಳಬಹುದಿತ್ತು, ಹೇಳಲಿ ಎಂದು ನಾನೂ ಬಯಸಿದೆ. ಅವನು ಹೇಳಲಿಲ್ಲ. ಗೆದ್ದಲು, ಕನ್ನಡಿ, ಪ್ರಮಾಣಪತ್ರ, ಎಲ್ಲವನ್ನೂ ಒಂದೊಂದಾಗಿ ಬಾಯಿಬಿಟ್ಟ.

“ಹಂಗಾರ ಇಷ್ಟು ವರ್ಷ ನಾ ನೋಡಿದ್ದು ಯಾರ ಮಾರಿ?”

“ನಂದು, ಯವ್ವಾ.”

ಮುದುಕಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಮ್ಮಿಬ್ಬರಿಗೂ ಎಷ್ಟೋ ಹಗುರಾಗುತ್ತಿತ್ತು. ಹಳೆಯ ಪುಸ್ತಕವನ್ನು ಮುಚ್ಚಿ ಮಗನ ಕಡೆ ಸರಿಸಿದಳು.

“ಒಯ್ಯಿ. ಅವರ ಮಾರಿ ನನ್ನ ಕಣ್ಣಾಗ ಇತ್ತೋ ನಬ್ಯಾ. ಇದರಾಗಿನದು ಬ್ಯಾರೇನ ಇತ್ತು. ನೀ ಫೋಟೋ ಅಂದಿ, ಫೋಟೋ ಸುಳ್ಳ ಹೇಳತೈತೇನಂತ ನನ್ನ ಕಣ್ಣಾಗಿಂದು ಬಿಟ್ಟುಬಿಟ್ಟೆ. ಈಗ ಕಣ್ಣ ಮುಚ್ಚಿದ್ರೂ ನೀನ ಬರ್ತಿ.”