ಸೋಲುವ ತಂಡದ ಶನಿವಾರಗಳು

ಆ ಗೋಲನ್ನು ನಾನು ಕಣ್ಣಾರೆ ಕಂಡೆನೋ, ಆಮೇಲೆ ಯಾರೋ ಹೇಳಿದ್ದನ್ನು ಕೇಳಿ ಕಂಡೆ ಅಂದುಕೊಂಡೆನೋ, ಎಷ್ಟೋ ವರ್ಷ ನನಗೆ ಖಚಿತವಿರಲಿಲ್ಲ. ನೆನಪು ಎಷ್ಟು ಸುಳ್ಳು ಹೇಳುತ್ತದೆ ಎಂಬುದನ್ನು ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದವನು ನಾನು. ಆದ್ದರಿಂದ ನನ್ನನ್ನೂ ಪೂರ್ತಿ ನಂಬಬೇಡಿ.

ಆಗ ನನಗೆ ಹತ್ತು ವರ್ಷ. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಆ ದಿನಗಳ ಶನಿವಾರ ಬೆಳಗಾಗುತ್ತಿದ್ದುದು ಇಂಗ್ಲೆಂಡಿನ ಗಡಿಯಾರಕ್ಕೆ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಲೀಗ್ ಫುಟ್‌ಬಾಲು ಶುರುವಾದರೆ ಇಲ್ಲಿ ಬೆಳಗ್ಗೆ ಏಳು. ಮನೆಗಳ ನಡುವಿನ ಲಗೂನ್ ಎಂಬ ಕೆರೆಯ ನೀರಿನ ಮೇಲೆ ಮಂಜು, ಕಾಲುದಾರಿ ತುಂಬ ಬಾತುಗಳ ಹಿಕ್ಕೆ. ಅದನ್ನು ತುಳಿಯದಂತೆ ಹಾರಿ ಹಾರಿ ನಾನೂ ಅಪ್ಪನೂ ಮೋಹನ್ ಅಂಕಲ್ ಮನೆಗೆ ಹೋಗುತ್ತಿದ್ದೆವು. ಆ ಆಟ ತೋರಿಸುವ ಚಾನೆಲ್ಲು ಇದ್ದದ್ದು ಅವರ ಮನೆಯಲ್ಲಿ ಮಾತ್ರ, ಹಾಗಾಗಿ ಅಕ್ಕಪಕ್ಕದವರೆಲ್ಲ ಅಲ್ಲೇ ಸೇರುತ್ತಿದ್ದರು. ಅಂಕಲ್, ಅವರ ಹೆಂಡತಿ ಸರೋಜಾ ಆಂಟಿ ಇಬ್ಬರೂ ಹುಬ್ಬಳ್ಳಿಯವರು. ಮಗ ನಿಖಿಲ್ ನನಗಿಂತ ಎರಡು ವರ್ಷ ದೊಡ್ಡವನು. ಒಳಗೆ ಕಾಲಿಟ್ಟರೆ ಚುರುಮುರಿ ಸೂಸಲದ ಒಗ್ಗರಣೆ ಘಾಟು, ಶೇಂಗಾ ಪುಡಿಯ ವಾಸನೆ.

ಆಂಟಿಗೆ ಪೇಪರ್ ಪ್ಲೇಟು ಕಂಡರೆ ಆಗದು. ಊರಿಂದ ತಂದ ಸ್ಟೀಲ್ ತಟ್ಟೆಗಳೇ ಆಗಬೇಕು. ಪಾತ್ರೆ ತೊಳೆಯುವ ಡಿಶ್‌ವಾಶರ್ ಮಷೀನಿನಲ್ಲಿ ಅವಲಕ್ಕಿ, ಬೇಳೆ ಡಬ್ಬಿಗಳಿದ್ದವು. ಹಾಗಾಗಿ ಅಂಕಲ್ ಒಂದು ಕಾನೂನು ಮಾಡಿದ್ದರು: ಯಾರ ತಂಡ ಸೋಲುತ್ತದೋ ಅವರು ಎಲ್ಲರ ತಟ್ಟೆ ತೊಳೆಯಬೇಕು.

ಆ ವರ್ಷವಿಡೀ ತೊಳೆದದ್ದು ನಾನು.

ನನ್ನ ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ನಗುತ್ತೀರಿ. ನೀಲಿ ಅಂಗಿ, ಪಟ್ಟಿಯಲ್ಲಿ ಕೊನೆಯ ಸ್ಥಾನ. ನಾನು ನೋಡಿದ ಮೊದಲ ಆಟದಲ್ಲೇ ಐದು ಗೋಲು ತಿಂದಿತ್ತು. ಆದರೆ ಐದನೆಯದು ಬಿದ್ದ ಮೇಲೂ ಅವರ ಕಡೆಯ ಜನ ಮಳೆಯಲ್ಲಿ ನಿಂತು ಹಾಡುತ್ತಲೇ ಇದ್ದರು. ನನಗೆ ಅಷ್ಟು ಸಾಕಾಯಿತು. ಆಗಸ್ಟಿನಲ್ಲಿ ಆ ಮನೆಯಲ್ಲಿ ನಾಲ್ಕೈದು ತಂಡಗಳ ಕಡೆಯವರಿದ್ದರು. ಫೆಬ್ರವರಿ ಹೊತ್ತಿಗೆ ಒಬ್ಬೊಬ್ಬರಾಗಿ ಎಲ್ಲರೂ ಗೆಲ್ಲುತ್ತಿದ್ದ ಕೆಂಪು ತಂಡಕ್ಕೆ ಜಾರಿದರು. ನನ್ನ ಅಪ್ಪನೂ ಜಾರಿದರು. "ಎಲ್ಲಿ ಹುಟ್ಟಿದ್ದೋ ಏನೋ ಆ ಟೀಮು, ನಮಗೇನ್ಲಾ ಸಂಬಂಧ?" ಅಂದರು. ಕೆಂಪು ತಂಡದ ಜೊತೆ ಅವರಿಗೇನು ಸಂಬಂಧವಿತ್ತೋ, ಅವರು ಹೇಳಲಿಲ್ಲ.

ಮಾರ್ಚ್ ಕೊನೆಗೆ ಕೆಂಪಿಗೂ ನೀಲಿಗೂ ಆಟ ಬಂತು. ನಿಖಿಲ್ ತನಗೆ ಚಿಕ್ಕದಾಗಿದ್ದ ಕೆಂಪು ಜರ್ಸಿಯನ್ನು ತಂದು ಕುರ್ಚಿಯ ಬೆನ್ನಿಗೆ ಹಾಕಿದ.

"ಸ್ಯಾಟರ್‌ಡೇ ಸೋತ್ರೆ ನೀನು ಇದನ್ನ ಹಾಕ್ಕೋಬೇಕು. ಡೀಲ್?"

"ನೋ ಡೀಲ್. ಸೋತ್ರೂ ಹಾಕಲ್ಲ."

"ಹಂಗಾದ್ರೆ ನಮ್ಮನೆಗೆ ಬರ್ಬೇಡ."

"ಬರಲ್ಲ ಹೋಗು," ಅಂದೆ. ಬೇರೆ ಯಾರ ಮನೆಯಲ್ಲೂ ಆ ಚಾನೆಲ್ಲು ಇರಲಿಲ್ಲ.

ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು. ಮೋಹನ್ ಅಂಕಲ್ ಇಡೀ ಸೀಸನ್ನಿನ ಆಟಗಳನ್ನು ಕ್ಯಾಲಿಫೋರ್ನಿಯಾದ ಟೈಮಿಗೆ ಇಳಿಸಿ ಫ್ರಿಜ್ಜಿಗೆ ಒಂದು ಪಟ್ಟಿ ಅಂಟಿಸಿದ್ದರು. ಮಾರ್ಚಿನಲ್ಲಿ ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋದಾಗ ಏಳರ ಆಟ ಎಂಟಕ್ಕೆ ಬಂತು. ಅಂಕಲ್ ಪೆನ್ನು ತೆಗೆದು, ಉಳಿದ ಅಷ್ಟೂ ಆಟಗಳಿಗೆ ಒಂದೊಂದು ಗಂಟೆ ಕೂಡಿಸಿಬಿಟ್ಟರು. ಇಂಗ್ಲೆಂಡಿನ ಗಡಿಯಾರವೂ ಕೆಲವು ವಾರ ಬಿಟ್ಟು ಮುಂದಕ್ಕೆ ಹೋಗುತ್ತದೆ, ಆಗ ಎಂಟು ಮತ್ತೆ ಏಳಾಗುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ನನಗೂ ಹೊಳೆದದ್ದಲ್ಲ. ಆಟದ ಹಿಂದಿನ ಭಾನುವಾರ ಇಂಗ್ಲೆಂಡಿನಲ್ಲಿದ್ದ ಅತ್ತೆ ಫೋನಿನಲ್ಲಿ, "ಇವತ್ತು ಇಲ್ಲಿ ಗಡಿಯಾರ ತಿರುಗಿಸ್ಬುಟ್ರು ಕಣಣ್ಣ, ಒಂದ್ ಗಂಟೆ ನಿದ್ದೆ ಹಾಳಾಯ್ತು," ಎಂದು ಅಪ್ಪನ ಹತ್ತಿರ ಗೊಣಗಿದರು. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ಸಂಜೆ ಅಪ್ಪನಿಗಿಂತ ಮುಂದಾಗಿ ಅಂಕಲ್ ಮನೆಗೆ ಓಡಿದೆ.

"ಅಂಕಲ್, ಇಂಗ್ಲೆಂಡಲ್ಲೂ ಟೈಮ್ ಚೇಂಜ್ ಆಯ್ತು. ಶನಿವಾರದ ಮ್ಯಾಚು ಏಳಕ್ಕೆ."

"ಅದನ್ನ ನಾ ಆಗಲೇ ಕರೆಕ್ಟ್ ಮಾಡೇನೋ. ನೋಡಿಲ್ಲಿ, ಪ್ಲಸ್ ಒನ್."

"ಅದು ಅಮೆರಿಕದ್ದು. ಇದು ಇಂಗ್ಲೆಂಡಿಂದು."

"ಎರಡ ಸಲ ಕೂಡಸ್ಲೇನು ಹಂಗಾರ? ಒಂಬತ್ತಕ್ಕ ಬಾ!"

ಎಲ್ಲರೂ ನಕ್ಕರು. ಅಪ್ಪ ನನ್ನ ಭುಜ ಹಿಡಿದು ಎಳೆದರು. "ಸುಮ್ನಿರ್ಲಾ. ಆಫೀಸಲ್ಲಿ ಅವರ ಕೆಲಸವೇ ಕಂಪ್ಯೂಟರ್‌ಗಳ ಟೈಮ್ ಸರಿ ಮಾಡೋದು. ಅವರಿಗೇ ಹೇಳ್ಕೊಡ್ತೀಯಾ?"

ಶನಿವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಬರಲ್ಲ ಅಂದದ್ದನ್ನು ನುಂಗಿಕೊಂಡು ನಾನೊಬ್ಬನೇ ಹೋಗಿ ಅವರ ಬಾಗಿಲು ತಟ್ಟಿದೆ. ಅಂಕಲ್ ಆಗಲೇ ನಿಖಿಲನನ್ನು ಈಜು ಕ್ಲಾಸಿಗೆ ಬಿಟ್ಟು, ಅಪ್ಪನ ಜೊತೆ ಲಗೂನ್ ಸುತ್ತ ವಾಕಿಂಗ್ ಹೋಗಿದ್ದರು. ಆಂಟಿ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದು ಬಾಗಿಲು ತೆಗೆದರು.

"ಏನೋ ತಮ್ಮಾ, ಇಷ್ಟ್ ಲಗೂ ಬಂದೀ? ಮ್ಯಾಚ್ ಎಂಟಕ್ಕಲ್ಲೇನು? ಇವರು ಬರದು ಅಂಟಿಸ್ಯಾರಲ್ಲ."

"ಏಳಕ್ಕೆ ಆಂಟಿ. ಟಿವಿ ಹಾಕಿ, ಗೊತ್ತಾಗುತ್ತೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ರಿಮೋಟ್ ಹುಡುಕಿ ಹಾಕಿದರು. ಆಟಗಾರರು ಸಾಲಾಗಿ ಮೈದಾನಕ್ಕೆ ಬರುತ್ತಿದ್ದರು.

"ಅಯ್ಯ! ಖರೇನ ಐತಲ್ಲೋ!"

ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೂ ಬಂದಿಲ್ಲ.

ಮುಂದಿನದು ನನಗೆ ನೆನಪಿರುವ ಹಾಗೆ. ಆಂಟಿ ಒಗ್ಗರಣೆಗೆ ಹಸಿಮೆಣಸು ಹಾಕಿದರು. ಹೊಗೆ ಎದ್ದು ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಅವರು ಕುರ್ಚಿ ಹತ್ತಿ ಟವೆಲಿನಿಂದ ಅದಕ್ಕೆ ಗಾಳಿ ಹಾಕತೊಡಗಿದರು. ಅಷ್ಟರಲ್ಲಿ ನೀಲಿಯವರಿಗೆ ಮೂಲೆಯಿಂದ ಒದೆಯುವ ಕಾರ್ನರ್ ಸಿಕ್ಕಿತು. ಚೆಂಡು ಮೇಲಿಂದ ತೇಲಿ ಬಂತು, ಒಂದು ತಲೆ ಎದ್ದಿತು, ಬಲೆ ಅಲ್ಲಾಡಿತು. ನಾನು ಕೂಗಿದೆ. ಆಂಟಿ ಕುರ್ಚಿಯ ಮೇಲೆ ನಿಂತೇ ತಿರುಗಿ ನೋಡಿ, ಟವೆಲನ್ನು ತಲೆಯ ಮೇಲೆ ಗರಗರ ತಿರುಗಿಸಿದರು. ಇಷ್ಟು ಚೆಂದವಾಗಿ ಹೊಂದಿಕೊಳ್ಳುವ ನೆನಪನ್ನು ಮೊದಲು ಅನುಮಾನಿಸಬೇಕು ಎನ್ನುತ್ತದೆ ನನ್ನ ಓದು. ಇರಲಿ. ಅನುಮಾನಿಸಿಯೇ ಹೇಳುತ್ತಿದ್ದೇನೆ.

ಎಂಟಕ್ಕೆ ಎಲ್ಲರೂ ಬಂದರು. ದ್ವಿತೀಯಾರ್ಧ ಶುರುವಾಗುತ್ತಿತ್ತು. ಅಂಕಲ್ ಪರದೆ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಫ್ರಿಜ್ ಕಡೆ ಮಾತ್ರ ನೋಡಲಿಲ್ಲ. ಕೆಂಪಿನವರು ಕೊನೆಯವರೆಗೂ ಮುತ್ತಿಗೆ ಹಾಕಿದರು. ನೀಲಿಯವರು ಕಾಲು, ತಲೆ, ಎದೆ ಕೊಟ್ಟು ತಡೆದರು. ಒಂದು–ಸೊನ್ನೆ.

"ಡಸಂಟ್ ಕೌಂಟ್," ಅಂದ ನಿಖಿಲ್, ಒದ್ದೆ ತಲೆ ಒರೆಸುತ್ತ. "ಗೋಲು ಯಾರೂ ನೋಡಿಲ್ಲ. ತಟ್ಟೆ ಇವನೇ ತೊಳೀಲಿ."

"ನಾನು ತೊಳೆಯಲ್ಲ," ಅಂದೆ. ದೊಡ್ಡವರ ಮುಂದೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅಪ್ಪ ಕಣ್ಣು ಬಿಟ್ಟರು. ನಾನೂ ಬಿಟ್ಟೆ.

"ನಾ ನೋಡೇನಿ," ಅಂದರು ಆಂಟಿ ಅಡಿಗೆಮನೆಯಿಂದ. "ಆ ಅಂಗಿ ಒಳಗಿಡೋ ನಿಖಿಲ್. ರೀ, ನೀವು ಬರ್ರಿ, ಸಿಂಕ್ ಖಾಲಿ ಐತಿ."

ಮೋಹನ್ ಅಂಕಲ್ ತೊಳೆದರು, ಅಪ್ಪ ಒರೆಸಿದರು. ಮುಂದಿನ ಶನಿವಾರ ನಾನು ಹೋದೆ. ನೀಲಿಯವರು ಸೋತರು, ನಾನು ತೊಳೆದೆ. ಮೇ ತಿಂಗಳಲ್ಲಿ ತಂಡ ಕೆಳಗಿನ ದರ್ಜೆಗೆ ಬಿತ್ತು, ಟಿವಿಯಿಂದಲೇ ಮಾಯವಾಯಿತು. ನನ್ನ ತಂಡ ಇಂದಿಗೂ ಅದೇ.

ಹೋದ ವರ್ಷ, ಇದೇ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನಲ್ಲಿರುವ ಮೋಹನ್ ಅಂಕಲ್ ಅವರ ಹೊಸ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಅಂಕಲ್ ಕಥೆ ತೆಗೆದರು: "ಆ ಗೋಲ್ ಬಿದ್ದಾಗ ನಾವೆಲ್ಲ ಹೆಂಗ ಜಿಗದಿದ್ವಿ!" ಅಪ್ಪ ಹೌದೆಂದು ತಲೆಯಾಡಿಸಿದರು. "ಸೆಕೆಂಡ್ ಹಾಫ್. ಪೆನಾಲ್ಟಿ. ಐ ರಿಮೆಂಬರ್," ಅಂದ ನಿಖಿಲ್. ನಾನು ಆಂಟಿಯ ಮುಖ ನೋಡಿದೆ. "ನಂಗ ನೆನಪಿಲ್ಲ ತಮ್ಮಾ," ಅಂದರು. "ಆ ಅಲಾರಂ ಎಷ್ಟ್ ಸಲ ಹೊಡಕೊಂಡೈತೋ."

ಇದ್ದ ಒಬ್ಬರೇ ಸಾಕ್ಷಿಯೂ ಕೈಬಿಟ್ಟರು. ಮೂವರ ನೆನಪಿನೆದುರು ನನ್ನದೊಂದೇ. ಆದರೂ ಗೋಲಿನ ಸಮಯವನ್ನು ಬಹುಮತದಿಂದ ತೀರ್ಮಾನಿಸಲು ನಾನು ಒಪ್ಪಲಾರೆ. ಈಗ ಪ್ರತಿಯೊಬ್ಬರ ಫೋನೂ ತಾನೇ ಟೈಮ್ ಸರಿಮಾಡಿಕೊಳ್ಳುತ್ತದೆ, ಪ್ರತಿಯೊಬ್ಬರೂ ತಮ್ಮ ತಮ್ಮ ಹಾಸಿಗೆಯಲ್ಲೇ ಆಟ ನೋಡುತ್ತಾರೆ. ಯಾರೂ ಒಂದು ಗಂಟೆ ತಡವಾಗಿ ಬರುವುದಿಲ್ಲ, ಏಕೆಂದರೆ ಯಾರೂ ಯಾರ ಮನೆಗೂ ಬರುವುದಿಲ್ಲ. ತಪ್ಪು ಮಾಡಲಿಕ್ಕೂ ಹತ್ತು ಜನ ಒಟ್ಟಿಗಿರಬೇಕಾಗಿತ್ತು.

ಮರುದಿನ ಹಳೆಯ ಆಟಗಳ ದಾಖಲೆ ಹುಡುಕಿ ತೆಗೆದೆ. ಆಂಟಿ ಕುರ್ಚಿಯ ಮೇಲೆ ನಿಂತಿದ್ದರೆಂದು ಅದು ಹೇಳುವುದಿಲ್ಲ, ಟವೆಲಿನ ಮಾತೂ ಇಲ್ಲ. ಕಾರ್ನರ್, ತಲೆಯಿಂದ ಗೋಲು, ಮೊದಲಾರ್ಧದ ಹದಿನೇಳನೆಯ ನಿಮಿಷ.